ಕಿಟ್ಟೋ ಚೂರು ಹಲಗೆಯೋ, ಕುಂಡವೋ ಪಾತಿಯೋ

ಮಕ್ಕಳಿಗೆ ಮರಗೆಲಸ ಕಲಿಸೋಣ ಅಂದಾಗ ಮೊದಲು ಕಣ್ಣಿಗೆ ಬೀಳುವುದು ಕಿಟ್. ಅಳತೆಗೆ ಕತ್ತರಿಸಿದ ಹಲಗೆ, ಮೊದಲೇ ಕೊರೆದ ತೂತು, ಪುಟ್ಟ ಸುತ್ತಿಗೆ. ಎಂಟು ವರ್ಷದ ಮಗಳು, ಹನ್ನೊಂದರ ಮಗ ಇಬ್ಬರಿಗೂ ಅದನ್ನು ಕೊಟ್ಟು ನೋಡಿದೆ. ಆಮೇಲೆ ಬರೀ ಚೂರು ಹಲಗೆ ಕೊಟ್ಟೂ ನೋಡಿದೆ. ಕಿಟ್‌ನ ಹಕ್ಕಿಗೂಡು ಬೇಗ ಎದ್ದು ನಿಂತಿತು, ಚೆನ್ನಾಗಿಯೂ ಇತ್ತು. ಆದರೆ ತೂತು ಅಲ್ಲೇ ಯಾಕಿದೆ ಅಂತ ಇಬ್ಬರೂ ಕೇಳಲಿಲ್ಲ. ಚೂರು ಹಲಗೆಯ ಪೆಟ್ಟಿಗೆ ಸೊಟ್ಟಗೆ ಬಂತು. ಯಾಕೆ ಅಂತ ಮಗಳೇ ಅಳತೆಪಟ್ಟಿ ಹಿಡಿದು ಹುಡುಕಿದಳು. ಒಂದು ಬದಿ ಅರ್ಧ ಸೆಂಟಿಮೀಟರ್ ಗಿಡ್ಡ! ನನ್ನ ಮಟ್ಟಿಗೆ ಕಿಟ್ ಸೋತಿದ್ದು ಅಲ್ಲೇ. ತನ್ನ ಕೈ ಏನು ಮಾಡಿತು ಅನ್ನುವುದು ಮಗುವಿಗೆ ಕಾಣಬೇಕು, ಅಲ್ವಾ?

ಹಾಗಂತ ಸಿಕ್ಕಿದ ಮರವನ್ನೆಲ್ಲ ಕೊಡಬಾರದು. ಪೈನ್‌ನಂಥ ಮೆದು ಮರ, ಗಂಟು ಕಡಿಮೆ ಇರುವುದು ಒಳ್ಳೆಯದು. ಹಳೆಯ ಬಣ್ಣ ಬಳಿದ ಹಲಗೆ ಬೇಡ, ಅದರಲ್ಲಿ ಸೀಸ ಇರಬಹುದು. ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೊಯ್ದರೆ ಏಳುವ ನುಣ್ಣನೆ ಧೂಳೂ ಬೇಡ. ಸಾಮಾನು ಸಾಗಿಸುವ ಪ್ಯಾಲೆಟ್ ಒಡೆಯುವುದಾದರೆ ಮುದ್ರೆ ನೋಡಿ. ಎಚ್‌ಟಿ ಅಂದರೆ ಬಿಸಿಯಿಂದ ಹುಳು ಕೊಂದದ್ದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು, ಮುಟ್ಟುವುದೇ ಬೇಡ.

ನಿಜವಾದ ಪೈಪೋಟಿ ಗರಗಸದ್ದು. ಮುಂದೆ ತಳ್ಳಿ ಕೊಯ್ಯುವುದು ಒಂದು, ಹಿಂದಕ್ಕೆ ಎಳೆದಾಗ ಕೊಯ್ಯುವ ಜಪಾನಿ ಬಗೆಯದು ಇನ್ನೊಂದು. ತಳ್ಳುವ ಗರಗಸವನ್ನು ಮಕ್ಕಳು ಮೈಭಾರ ಹಾಕಿ ಒತ್ತುತ್ತಾರೆ. ಅಲಗು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಬಾಗುತ್ತದೆ. ಸಿಟ್ಟು ಬಂದು ಇನ್ನೂ ಜೋರಾಗಿ ಒತ್ತುತ್ತಾರೆ. ಎಳೆಯುವ ಗರಗಸದಲ್ಲಿ ಕೊಯ್ಯುವ ಹೊತ್ತಿಗೆ ಅಲಗು ಬಿಗಿಯಾಗಿ ನೇರವಾಗಿರುತ್ತದೆ. ಅದಕ್ಕೇ ಅದನ್ನು ತೆಳ್ಳಗೆ ಮಾಡಲು ಆಗುತ್ತದೆ. ತೆಳ್ಳಗಿದ್ದರೆ ತೆಗೆಯಬೇಕಾದ ಮರ ಕಡಿಮೆ, ಬೇಕಾದ ಬಲವೂ ಕಡಿಮೆ. ನನಗೆ ಇನ್ನೂ ಇಷ್ಟವಾದದ್ದು ಅದರ ಉದ್ದ ಹಿಡಿ. ಹಲಗೆಯನ್ನು ಕ್ಲ್ಯಾಂಪ್ ಹಾಕಿ ಬಿಗಿದರೆ ಮಗು ಎರಡೂ ಕೈಯಲ್ಲಿ ಹಿಡಿ ಹಿಡಿಯಬಹುದು. ಹಲ್ಲಿನ ಹತ್ತಿರ ಬೆರಳೇ ಇರುವುದಿಲ್ಲ. ಮೊದಲ ಗೀರು ಮಾತ್ರ ದೊಡ್ಡವರು ಹಾಕಿಕೊಡಿ, ಅಲಗು ಜಾರುವುದು ಆಗಲೇ. ದೋಷ ಇಲ್ಲ ಅಂತಲ್ಲ. ಅಲಗನ್ನು ತಿರುಚಿದರೆ ಸಣ್ಣ ಹಲ್ಲು ಮುರಿಯುತ್ತದೆ. ಮುರಿದ ಮೇಲೆ ಮನೆಯಲ್ಲಿ ಸಾಣೆ ಹಿಡಿಯುವುದು ಕಷ್ಟ, ಅಲಗನ್ನೇ ಬದಲಿಸಬೇಕು.

ತೂತು ಕೊರೆಯಲು ಬ್ಯಾಟರಿ ಡ್ರಿಲ್‌ಗಿಂತ ಕೈಯಿಂದ ತಿರುಗಿಸುವ ಬೈರಿಗೆ ವಾಸಿ. ಎರಡೂ ಕೈ ಕೆಲಸದಲ್ಲಿರುತ್ತವೆ. ಕೈ ನಿಂತರೆ ಬೈರಿಗೆಯೂ ನಿಲ್ಲುತ್ತದೆ. ಮಗನಿಗೆ ಬ್ಯಾಟರಿಯದೇ ಬೇಕಿತ್ತು. ಕೂದಲು ಕಟ್ಟಿ, ತೋಳು ಮಡಚಿ, ಕೈಗವಸು ಇಲ್ಲದೆ, ಕಡಿಮೆ ವೇಗದಲ್ಲಿ ಕೊಟ್ಟೆ. ತಿರುಗುವ ಯಂತ್ರಕ್ಕೆ ಕೈಗವಸು ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕಣ್ಣು ಕಾಯುವ ಕನ್ನಡಕ ಮಾತ್ರ ಎರಡಕ್ಕೂ ಬೇಕು. ಮೊಳೆಯ ವಿಷಯ ಒಂದೇ ಮಾತು: ಹಲಗೆಯ ಅಂಚಿಗೆ ಹೊಡೆಯುವ ಮುಂಚೆ ಮೊಳೆಯ ತುದಿಯನ್ನು ಸುತ್ತಿಗೆಯಿಂದ ಕೊಂಚ ಮೊಂಡು ಮಾಡಿ. ಚೂಪು ತುದಿ ಎಳೆಗಳನ್ನು ಸೀಳುತ್ತದೆ, ಮೊಂಡು ತುದಿ ಜಜ್ಜಿಕೊಂಡು ಒಳಗೆ ಹೋಗುತ್ತದೆ.

ತೋಟಕ್ಕೆ ಬಂದರೆ ಲೆಕ್ಕ ಬೇರೆ. ಗರಗಸ ತಕ್ಷಣ ಉತ್ತರ ಕೊಡುತ್ತದೆ, ಮಣ್ಣು ಕಾಯಿಸುತ್ತದೆ. ಹಾಗಾಗಿ ಇಲ್ಲಿ ಬೀಜದ ಆಯ್ಕೆಯೇ ದೊಡ್ಡದು. ಕ್ಯಾರೆಟ್ ಮೊಳೆಯಲು ಎರಡು ಮೂರು ವಾರವೂ ಆಗಬಹುದು. ಅಷ್ಟರಲ್ಲಿ ಮಕ್ಕಳು ಅದನ್ನು ಮರೆತಿರುತ್ತಾರೆ, ಇಲ್ಲವೇ ಕೆದಕಿ ನೋಡಿರುತ್ತಾರೆ. ಸಣ್ಣ ಉಂಡೆ ಮೂಲಂಗಿ ಮೂರರಿಂದ ಐದಾರು ದಿನಕ್ಕೆ ತಲೆ ಎತ್ತುತ್ತದೆ, ಹೆಚ್ಚುಕಡಿಮೆ ನಾಲ್ಕು ವಾರಕ್ಕೆ ಕೀಳಬಹುದು. ಬೀನ್ಸ್ ಕೊಂಚ ನಿಧಾನ. ಆದರೆ ಬೀಜ ದಪ್ಪ, ಪುಟ್ಟ ಬೆರಳಿಗೆ ಸುಲಭ. ಅದು ಮೊಳೆಯುವುದನ್ನು ನೋಡುವುದೇ ಚೆಂದ. ಮೊದಲು ಮಣ್ಣು ಬಿರಿಯುತ್ತದೆ. ಬಿಳಿ ಕಾಂಡ ಬಗ್ಗಿದ ಕೊಕ್ಕೆಯಂತೆ ಹೊರಬರುತ್ತದೆ. ಆಮೇಲೆ ನೆಟ್ಟಗಾಗುತ್ತ ಬೀಜದ ಎರಡೂ ಹೋಳುಗಳನ್ನು ಮೇಲೆತ್ತುತ್ತದೆ. ಒಂದಷ್ಟು ಬೀಜ ಗಾಜಿನ ಲೋಟದಲ್ಲಿ ಒದ್ದೆ ಕಾಗದಕ್ಕೆ ಒತ್ತಿ ಇಟ್ಟರೆ, ಪಾತಿ ಕೆದಕುವ ಚಾಳಿ ತಾನಾಗೇ ನಿಲ್ಲುತ್ತದೆ.

ಸಸಿ ತಂದು ನೆಡುವುದು ಸುಲಭದ ದಾರಿ. ಟೊಮೆಟೊ, ಮೆಣಸಿಗೆ ನಾನೂ ಅದನ್ನೇ ಮಾಡುತ್ತೇನೆ. ಮೂಲಂಗಿ, ಕ್ಯಾರೆಟ್‌ಗೆ ಬೇಡ. ಕಿತ್ತು ನೆಟ್ಟರೆ ಬೇರು ಕವಲೊಡೆಯುತ್ತದೆ.

ಕುಂಡವೋ ಪಾತಿಯೋ? ಕುಂಡ ಬೇಗ ಒಣಗುತ್ತದೆ, ಬಿಸಿಲಲ್ಲಿ ದಿನ ತಪ್ಪಿದರೆ ಎಲೆ ಜೋಲುತ್ತದೆ. ಮಗನಿಗೆ ಇದೇ ಸರಿಹೋಯಿತು. ನೀರು ಹಾಕಿದ ಸಂಜೆಯೇ ಎಲೆ ಎದ್ದು ನಿಲ್ಲುವುದು ಅವನಿಗೆ ಕಂಡಿತು. ಪಾತಿ ತೇವ ಹಿಡಿದಿಡುತ್ತದೆ, ಮರೆವನ್ನು ಕ್ಷಮಿಸುತ್ತದೆ. ಆದರೆ ಕಳೆ ಬರುತ್ತದೆ. ಮೂಲಂಗಿಯ ಮೊದಲ ಜೋಡಿ ಎಲೆ ಹೃದಯದ ಆಕಾರದ್ದು ಅಂತ ತೋರಿಸಿಕೊಡದೆ ಕಳೆ ಕೀಳಲು ಬಿಟ್ಟರೆ ಎಲ್ಲವೂ ಹೋಗುತ್ತದೆ. ಜಾಗವಿದ್ದರೆ ನನ್ನ ಮತ ಪಾತಿಗೇ. ಜಾಗವಿಲ್ಲದಿದ್ದರೆ ಸುಮ್ನೆ ಪುಟ್ಟ ಕುಂಡಗಳ ಸಾಲು ಇಡುವ ಬದಲು ಚೂರು ಹಲಗೆಯಿಂದ 20 ಸೆಂಟಿಮೀಟರ್ ಆಳದ ಒಂದು ಪೆಟ್ಟಿಗೆ ಮಾಡಿಸಿ, ತಳಕ್ಕೆ ಬೈರಿಗೆಯಿಂದ ತೂತು ಕೊರೆಸಿ. ಅದು ಕುಂಡಕ್ಕಿಂತ ನಿಧಾನವಾಗಿ ಒಣಗುತ್ತದೆ. ನೀರಿಗೆ ಪೈಪ್ ಬೇಡ, ಬೀಜ ಕೊಚ್ಚಿಹೋಗುತ್ತದೆ. ಸಣ್ಣ ತೂತುಗಳ ಮೂತಿ ಇರುವ ಕ್ಯಾನ್ ಕೊಡಿ.