ಶುಗರ್ ಇದೆ, ಕಿಡ್ನಿ ಕಲ್ಲಿನ ಭಯವೂ ಇದೆ: ಯಾವ ಊಟ ಆರಿಸೋದು?

ಶುಗರ್ ಇಳಿಸಲು ಎರಡು ದಾರಿ ಕಾಣುತ್ತವೆ. ಪಿಷ್ಟ ಬಿಟ್ಟು ಮಾಂಸ ಜಾಸ್ತಿ ತಿನ್ನೋದು ಒಂದು. ತರಕಾರಿ, ಕಾಳು, ಸ್ವಲ್ಪ ಧಾನ್ಯವನ್ನು ಹದವಾಗಿ ತಿನ್ನೋದು ಇನ್ನೊಂದು.

ಮೊದಲನೆಯದರಲ್ಲಿ ಶುಗರ್ ಬೇಗ ಇಳಿಯುತ್ತದೆ, ನಿಜ. ಆದರೆ ಟೈಪ್ 2 ಡಯಾಬಿಟಿಸ್ ಇರುವವರ ಮೂತ್ರದಲ್ಲಿ ಆಮ್ಲದ ಗುಣ ಮೊದಲೇ ಹೆಚ್ಚಿರುತ್ತದೆ. ಮಾಂಸ ಅತಿಯಾದರೆ ಅದು ಇನ್ನೂ ಏರುತ್ತದೆ, ಜೊತೆಗೆ ಯೂರಿಕ್ ಆಸಿಡ್ ಕೂಡ. ಕಲ್ಲು ಕಟ್ಟಲು ಅಷ್ಟು ಸಾಕು ಅಲ್ವಾ? ಹಾಗಾಗಿ ನನ್ನ ಒಲವು ಎರಡನೆಯದಕ್ಕೇ.

ಅದರಲ್ಲೂ ಒಂದು ತೊಡಕಿದೆ. ಪಾಲಕ್, ಬಾದಾಮಿ ಶುಗರ್‌ಗೆ ಒಳ್ಳೆಯವು, ಆದರೆ ಅವುಗಳಲ್ಲಿ ಆಕ್ಸಲೇಟ್, ಅಂದರೆ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲು ಕಟ್ಟುವ ಅಂಶ, ತುಂಬಾ ಇದೆ. ಆಕ್ಸಲೇಟ್ ಕಲ್ಲು ಆದವರು ಇವನ್ನು ಕಡಿಮೆ ಮಾಡಬೇಕು. ಕ್ಯಾಲ್ಸಿಯಂ ಕಲ್ಲು ಅಂತ ಹೆದರಿ ಸುಮ್ನೆ ಹಾಲು, ಮೊಸರು ಬಿಡಬೇಡಿ. ಊಟದ ಜೊತೆ ಒಂದು ಬಟ್ಟಲು ಸಪ್ಪೆ ಮೊಸರು ತಿಂದರೆ, ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಲ್ಲೇ ಹಿಡಿದುಕೊಳ್ಳುತ್ತದೆ. ಮೂತ್ರಕ್ಕೆ ಹೋಗುವುದು ಕಡಿಮೆಯಾಗುತ್ತದೆ.

ಕುಡಿಯಲು ಹಣ್ಣಿನ ಜ್ಯೂಸ್‌ಗಿಂತ ಸಕ್ಕರೆ ಹಾಕದ ನಿಂಬೆ ನೀರು ವಾಸಿ. ದಿನಕ್ಕೆ 2.5 ಲೀಟರಿನಷ್ಟು ಮೂತ್ರ ಹೋಗುವಷ್ಟು ನೀರು ಬೇಕು. ಉಪ್ಪು ಎರಡು ದಾರಿಯಲ್ಲೂ ಕಡಿಮೆಯೇ ಇರಲಿ. ಕಿಡ್ನಿ ಈಗಾಗಲೇ ಸೋತಿದ್ದರೆ ನೀರು, ಪ್ರೋಟೀನಿನ ಅಳತೆಯನ್ನು ಡಾಕ್ಟರ್ ಹತ್ತಿರ ಕೇಳಿಯೇ ಶುರುಮಾಡಿ.