ಹ್ಯಾಲೋವೀನ್ ಆಟದ ಪೆಟ್ಟಿಗೆ: ಅಲಂಕಾರಕ್ಕೆ ಹೆಚ್ಚು, ಆಟಕ್ಕೆ ಕಡಿಮೆ

ಭೂತ, ಮಾಟಗಾತಿಯರ ವೇಷ ತೊಟ್ಟ ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಪಾಶ್ಚಾತ್ಯ ಹಬ್ಬ, ಅಕ್ಟೋಬರ್ 31ರ ಹ್ಯಾಲೋವೀನ್, ಶಿವಮೊಗ್ಗದ ಮಕ್ಕಳಿಗೆ ಈಗ ಅಪರಿಚಿತವಲ್ಲ. ಕಾರ್ಟೂನುಗಳ ಮೂಲಕವೂ ವಿದೇಶದಲ್ಲಿರುವ ಬಂಧುಗಳ ಫೋಟೋಗಳ ಮೂಲಕವೂ ಅದು ಮನೆಯೊಳಗೆ ಬಂದಾಗಿದೆ. ಅದರ ಬೆನ್ನಿಗೇ ಮನೆಯಲ್ಲಿ ಪಾರ್ಟಿ ನಡೆಸಲು ಬೇಕಾದ ಆಟಗಳೆಲ್ಲ ಒಂದೇ ಕಡೆ ಇವೆ ಎಂದು ಹೇಳಿಕೊಳ್ಳುವ ಪೆಟ್ಟಿಗೆಗಳು ಆನ್‌ಲೈನಿನಲ್ಲಿ ಮಾರಾಟವಾಗುತ್ತಿವೆ. ಅಂಥದೊಂದನ್ನು ರೂ. 799 ಕೊಟ್ಟು ತರಿಸಿ, ಆರರಿಂದ ಹನ್ನೊಂದು ವರ್ಷದೊಳಗಿನ ಮಕ್ಕಳಿಂದ ವಿನೋಬನಗರದ ನಮ್ಮ ಮನೆಯಲ್ಲಿ ಆಡಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಬಿಂಗೊ ಕಾರ್ಡುಗಳು, ಕಣ್ಣು ಕಟ್ಟಿಕೊಂಡು ಮಾಟಗಾತಿಯ ಚಿತ್ರಕ್ಕೆ ಮೂಗು ಅಂಟಿಸುವ ಆಟ, ಗಾಳಿ ತುಂಬಿದ ಟೋಪಿಗೆ ಬಳೆ ಎಸೆಯುವ ಆಟ, ಮಮ್ಮಿ (ಬಟ್ಟೆ ಸುತ್ತಿಟ್ಟ ಈಜಿಪ್ಟಿನ ಪ್ರಾಚೀನ ಶವ) ಸುತ್ತುವ ಆಟಕ್ಕೆ ಕ್ರೇಪ್ ಕಾಗದದ ಸುರುಳಿಗಳು, ನಿಧಿ ಹುಡುಕುವ ಸುಳಿವಿನ ಚೀಟಿಗಳು, ಕುಂಬಳಕಾಯಿಯಲ್ಲಿ ಮುಖ ಕೊರೆದು ಒಳಗೆ ದೀಪ ಇಡಲು ಪುಟ್ಟ ಗರಗಸ, ಎಲ್‌ಇಡಿ ದೀಪಗಳು, ಹೊಳೆಯುವ ಕಡ್ಡಿಗಳು ಹಾಗೂ ಒಂದು ಮುಷ್ಟಿ ಕೃತಕ ಜೇಡರಬಲೆ ಇದ್ದವು. ಮುದ್ರಣ ಅಚ್ಚುಕಟ್ಟಾಗಿದೆ, ಬಣ್ಣಗಳು ಕಣ್ಣು ಸೆಳೆಯುತ್ತವೆ. ಆದರೆ ಇದನ್ನು ರೂಪಿಸಿದವರು ಮಕ್ಕಳು ಆಡುವುದನ್ನು ಕಂಡವರಲ್ಲ, ಅಂಗಡಿಯ ಕಪಾಟನ್ನು ಕಂಡವರು ಎಂಬ ಸಂಶಯ ಮೊದಲ ಆಟದಲ್ಲೇ ಮೂಡಿತು.

ಆ ಮೊದಲ ಆಟ ಮೂಗು ಅಂಟಿಸುವುದು. ಒಂದು ಮಗು ಆಡುವಾಗ ಉಳಿದವರೆಲ್ಲ ಸಾಲಿನಲ್ಲಿ ನಿಂತು ಕಾಯಬೇಕು; ಮೂರನೆಯವರ ಸರದಿ ಬರುವ ಹೊತ್ತಿಗೆ ಸಾಲಿನ ಹಿಂಭಾಗದಲ್ಲಿ ತಳ್ಳಾಟ ಆರಂಭವಾಗಿರುತ್ತದೆ. ಬಳೆ ಎಸೆಯುವ ಆಟದ ಕಥೆಯೂ ಇದೇ. ಮನೆಯ ಪಾರ್ಟಿಗೆ ಬೇಕಾದದ್ದು ಎಲ್ಲರೂ ಏಕಕಾಲಕ್ಕೆ ತೊಡಗಿಕೊಳ್ಳುವ, ಯಾರನ್ನೂ ಔಟ್ ಮಾಡಿ ಮೂಲೆಗೆ ಕೂರಿಸದ ಆಟಗಳು. ಈ ಅಳತೆಗೋಲಿನಲ್ಲಿ ನೋಡಿದರೆ ಪೆಟ್ಟಿಗೆಯಲ್ಲಿ ಗೆದ್ದದ್ದು ಮಮ್ಮಿ ಸುತ್ತುವ ಆಟ ಒಂದೇ: ಮೂವರ ತಂಡಗಳು, ಪ್ರತಿ ತಂಡದಲ್ಲೂ ಒಬ್ಬರು ಅಲುಗದೆ ನಿಲ್ಲಬೇಕು, ಇಬ್ಬರು ಸುತ್ತಬೇಕು, ಹಾಡು ನಿಲ್ಲುವುದರೊಳಗೆ ಮುಗಿಸಬೇಕು. ಕೊಟ್ಟಿರುವ ಕಾಗದ ಮಾತ್ರ ತೀರ ಕಳಪೆ. ಅಕ್ಟೋಬರ್ ಕೊನೆಯಲ್ಲೂ ನಮ್ಮಲ್ಲಿ ಹಿಂಗಾರಿನ ತೇವ ಇದ್ದೇ ಇರುತ್ತದೆ. ಬೆವರಿದ ಕೈ ತಾಗಿದ ಕಡೆಯಲ್ಲೆಲ್ಲ ಕಿತ್ತಳೆ ಬಣ್ಣ ಬಿಟ್ಟು ಬಿಳಿ ಅಂಗಿಗಳಿಗೆ ಹತ್ತಿತು. ಹಳೆಯ ಬಿಳಿ ಪಂಚೆಯನ್ನು ಅಂಗೈ ಅಗಲದ ಪಟ್ಟಿಗಳಾಗಿ ಹರಿದು ಕೊಟ್ಟ ಮೇಲೆಯೇ ಆಟಕ್ಕೆ ನಿಜವಾದ ಕಳೆ ಬಂದದ್ದು. ಪಟ್ಟಿಯನ್ನು ಕುತ್ತಿಗೆಗೂ ಮೂಗು-ಬಾಯಿಗೂ ಸುತ್ತಬಾರದೆಂದು ಮೊದಲೇ ಹೇಳಿರಬೇಕು. ಪೆಟ್ಟಿಗೆಯ ಸೂಚನಾ ಹಾಳೆಯಲ್ಲಿ ಈ ಮಾತೇ ಇಲ್ಲ.

ನಿಧಿ ಹುಡುಕುವ ಚೀಟಿಗಳು ನನಗೆ ಅತ್ಯಂತ ನಿರಾಸೆ ತಂದವು. ಸುಳಿವುಗಳೆಲ್ಲ ಇಂಗ್ಲಿಷಿನಲ್ಲಿವೆ ಎನ್ನುವುದು ಒಂದು ತೊಂದರೆಯಾದರೆ, ಅವು ಹೇಳುವ ಜಾಗಗಳು ಅಗ್ಗಿಷ್ಟಿಕೆ, ಅಂಚೆ ಡಬ್ಬಿ, ಕಾರು ನಿಲ್ಲಿಸುವ ಗ್ಯಾರೇಜು ಎನ್ನುವುದು ಇನ್ನೂ ದೊಡ್ಡ ತೊಂದರೆ. ನಮ್ಮ ಮನೆಗಳಲ್ಲಿ ಹುಡುಕಾಟಕ್ಕೆ ಇದಕ್ಕಿಂತ ಸೊಗಸಾದ ಜಾಗಗಳಿವೆ. ಅವುಗಳನ್ನು ಚೀಟಿಯ ಮೇಲೆ ಒಗಟಾಗಿ ಬರೆದರೆ ಸಾಕು: "ಹೊಟ್ಟೆಯೊಳಗೆ ನೀರು, ಬುಡದೊಳಗೆ ಬೆಂಕಿ, ತಲೆಯ ಮೇಲೆ ಮುಚ್ಚಳ" ಎಂದರೆ ಬಚ್ಚಲಿನ ಹಂಡೆ, ಅಂದು ಒಲೆ ಉರಿಸಿರಬಾರದು, ಅಷ್ಟೆ. ತುಳಸಿಕಟ್ಟೆಯ ಹಿಂದೆ, ಚಪ್ಪಲಿ ಗೂಡಿನಲ್ಲಿ, ಮಹಡಿಯ ಮೆಟ್ಟಿಲಿನ ಕೆಳಗೆ ಚೀಟಿ ಇಟ್ಟರೆ ಆರು ವರ್ಷದವರೂ ದೊಡ್ಡವರ ಸಹಾಯವಿಲ್ಲದೆ ಓಡಾಡುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆಯ ತೊಟ್ಟಿಮನೆಗಳಲ್ಲಿ ಅಟ್ಟವೂ ಕೊಟ್ಟಿಗೆಯೂ ಇರುವುದರಿಂದ ಈ ಆಟ ಒಂದು ಗಂಟೆಗೂ ಮುಗಿಯಲಿಕ್ಕಿಲ್ಲ. ಮಳೆಗಾಲದ ಕೊನೆಯಾದ್ದರಿಂದ ಸೌದೆ ರಾಶಿಯ ಬಳಿ ಮಾತ್ರ ಏನನ್ನೂ ಬಚ್ಚಿಡಬೇಡಿ, ಅಲ್ಲಿ ಹಾವು-ಚೇಳುಗಳ ಭಯ ನಾಟಕದ್ದಲ್ಲ.

ನೀರಿನ ಟಬ್ಬಿನಲ್ಲಿ ತೇಲುವ ಸೇಬನ್ನು ಬಾಯಿಂದಲೇ ಹಿಡಿಯುವ ಆಟವನ್ನೂ ಸೂಚನಾ ಹಾಳೆ ಶಿಫಾರಸು ಮಾಡುತ್ತದೆ. ಬ್ರಿಟನ್, ಐರ್ಲೆಂಡುಗಳಲ್ಲಿ ಇದು ಹಳೆಯ ಸಂಪ್ರದಾಯ, ನಿಜ. ಆದರೆ ಎಲ್ಲ ಮಕ್ಕಳ ಬಾಯಿಯೂ ಒಂದೇ ನೀರಿಗೆ ತಾಗುವ ಈ ಆಟವನ್ನು ನೆಗಡಿ, ಜ್ವರಗಳ ಕಾಲದಲ್ಲಿ ನಾನು ಒಪ್ಪಲಾರೆ. ಸೇಬನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟು, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಕಚ್ಚುವುದೂ ಅಲ್ಲಿನ ರೂಢಿಯೇ. ನಾವು ಸೇಬಿನ ಬದಲಿಗೆ ಕೋಡುಬಳೆ ತೂಗುಹಾಕಿದೆವು. ಅದು ಮೊದಲ ಕಚ್ಚಿಗೇ ಮುರಿದು ನೆಲ ಸೇರಿತು. ನಡುವೆ ತೂತಿರುವ ಉದ್ದಿನ ವಡೆ ಮಾತ್ರ ಕೊನೆಯ ತುಣುಕಿನವರೆಗೂ ದಾರ ಬಿಡಲಿಲ್ಲ. ಎಲ್ಲರೂ ಒಟ್ಟಿಗೆ ಆಡಬಹುದಾದ, ತಿಂಡಿಯ ಕೆಲಸವೂ ಅಲ್ಲಿಗೇ ಮುಗಿಯುವ ಇಂಥ ಆಟಕ್ಕೆ ಪೆಟ್ಟಿಗೆಯ ಅಗತ್ಯವೇ ಇಲ್ಲ. ಕತ್ತಲ ಡಬ್ಬಿಯೊಳಗೆ ಕೈಹಾಕಿ ಊಹಿಸುವ ಆಟವೂ ಹಾಗೆಯೇ: ಒತ್ತು ಶ್ಯಾವಿಗೆ ತಣ್ಣಗಾದರೆ ಕರುಳು, ನೆನೆಸಿದ ಕಾಮಕಸ್ತೂರಿ ಬೀಜ ಕಪ್ಪೆಯ ಮೊಟ್ಟೆ, ತೆಂಗಿನ ನಾರು ಮಾಟಗಾತಿಯ ಜಡೆ. ಸಿಪ್ಪೆ ಸುಲಿದ ದ್ರಾಕ್ಷಿ ಕಣ್ಣುಗುಡ್ಡೆಯಾಗಿ ಎಲ್ಲ ಕಡೆಯೂ ಪ್ರಸಿದ್ಧ, ಆದರೆ ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಕೈಬಿಡುವುದೇ ಲೇಸು.

ಗರಗಸದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಅಮೆರಿಕಕ್ಕೆ ವಲಸೆ ಹೋದ ಮೇಲೆ ದೊಡ್ಡ ಕಿತ್ತಳೆ ಕುಂಬಳ ಒದಗಿತು. ಗಾಂಧಿ ಬಜಾರಿನಲ್ಲಿ ನಾವು ಕೊಳ್ಳುವ ಸಿಹಿಕುಂಬಳದ ದಪ್ಪ ತಿರುಳಿಗೆ ಈ ಗರಗಸ ಬಾಗಿಹೋಗುತ್ತದೆ. ಸೀಮೆಸುಣ್ಣ, ಇದ್ದಿಲುಗಳಿಂದ ಮುಖ ಬರೆದರೆ ಮಕ್ಕಳ ಕೈಗೂ ಕ್ಷೇಮ, ಮರುದಿನ ತೊಳೆದು ಹುಳಿಗೂ ಆಗುತ್ತದೆ. ಮುಖವಾಡಕ್ಕೆ ಅಡಿಕೆ ಹಾಳೆ ಇದ್ದೇ ಇದೆ. ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಕತ್ತರಿಗೆ ಬಗ್ಗುತ್ತದೆ.

ಹಿರಿಯರು ಭೂತದ ವೇಷಕ್ಕೆ ಮೂಗು ಮುರಿಯುವುದುಂಟು. 2024ರಲ್ಲಂತೂ ನರಕ ಚತುರ್ದಶಿಯೇ ಅಕ್ಟೋಬರ್ 31ಕ್ಕೆ ಬಂದಿತ್ತು. ಆದರೆ ದೀಪಾವಳಿಯ ರಾತ್ರಿ ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯ ತಂಡಕ್ಕೆ ಅಕ್ಕಿ, ಕಾಣಿಕೆ ಕೊಟ್ಟು ಕಳುಹಿಸುವ ಮಲೆನಾಡಿನವರಿಗೆ, ಮಿಠಾಯಿ ಕೇಳುತ್ತ ಬಾಗಿಲು ತಟ್ಟುವ ಮಕ್ಕಳು ತೀರ ವಿಚಿತ್ರವಾಗಿ ಕಾಣಬೇಕಾಗಿಲ್ಲ. ಎರಡೂ ಹತ್ತಿರ ಬರುವ ವರ್ಷ ಪಾರ್ಟಿಯನ್ನು ಒಂದು ವಾರ ಹಿಂದೆ ಸರಿಸಿದರೆ ಮನೆಯಲ್ಲಿ ತಕರಾರೂ ಇರುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ನನ್ನ ಆಕ್ಷೇಪ ಗಂಭೀರವಾದದ್ದು. ಎಲ್‌ಇಡಿ ದೀಪಗಳ ತಳದ ಮುಚ್ಚಳಕ್ಕೆ ತಿರುಪಿಲ್ಲ; ಬೆರಳಿನಿಂದಲೇ ತೆರೆದು ಗುಂಡಿಯಾಕಾರದ ಬ್ಯಾಟರಿಯನ್ನು ಹೊರತೆಗೆಯಬಹುದು. ಅದನ್ನು ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟಗಾಯ ಆಗಬಲ್ಲದು. ಮುಚ್ಚಳಕ್ಕೆ ಗಟ್ಟಿ ಟೇಪು ಸುತ್ತದೆ ಈ ದೀಪಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಜೇಡರಬಲೆ ಬೇಗ ಬೆಂಕಿ ಹಿಡಿಯುವ ಕೃತಕ ನೂಲಿನದು. ಹಣತೆಯ ಹತ್ತಿರ ಅದು ಇರಕೂಡದು, ಹಕ್ಕಿಗಳು ಸಿಕ್ಕಿಹಾಕಿಕೊಳ್ಳುವುದರಿಂದ ಅಂಗಳದ ಗಿಡಗಳ ಮೇಲೂ ಬೇಡ.

ಒಟ್ಟಾರೆ ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಬಿಂಗೊ ಕಾರ್ಡುಗಳನ್ನು ಮಳೆಯ ದಿನಗಳಿಗಾಗಿ ಎತ್ತಿಟ್ಟಿದ್ದೇನೆ. ಬಿಡಿಯಾಗಿ ಕೊಳ್ಳಲು ಯೋಗ್ಯವೆನಿಸಿದ್ದು ಹೊಳೆಯುವ ಕಡ್ಡಿಗಳು ಮಾತ್ರ: ಕರೆಂಟು ಹೋದಾಗಲೂ ಆಟ ನಿಲ್ಲಲಿಲ್ಲ. ಬಗ್ಗಿಸಿದಾಗ ಒಳಗಿನ ಗಾಜಿನ ಕೊಳವೆ ಒಡೆದು ರಾಸಾಯನಿಕಗಳು ಬೆರೆಯುವುದರಿಂದ ಅವು ಬೆಳಗುತ್ತವೆ, ಆದ್ದರಿಂದ ಕಚ್ಚಲು ಬಿಡಬಾರದು. ಚಳಿಯಲ್ಲಿ ಆ ಕ್ರಿಯೆ ನಿಧಾನವಾಗುವುದರಿಂದ, ಒಮ್ಮೆ ಹೊತ್ತಿಸಿದ ಕಡ್ಡಿಯನ್ನು ಊಟದ ಹೊತ್ತಿಗೆ ಫ್ರೀಜರಿನಲ್ಲಿಟ್ಟರೆ ನಂತರದ ಆಟಕ್ಕೂ ಬೆಳಕು ಉಳಿದಿರುತ್ತದೆ.