ರಾಯಚೂರಿನ ಧಗೆಗೆ ಯಾವ ಗಾದಿ?

ಮೆಮೊರಿ ಫೋಮ್ ಗಾದಿಯ ಮೇಲೆ ಮಲಗಿ ನೋಡಿದ್ದು ಎ.ಸಿ. ಹಾಕಿದ ಅಂಗಡಿಯಲ್ಲಿ. ಅಂಗೈ ಒತ್ತಿ ತೆಗೆದರೆ ಐದು ಬೆರಳಿನ ಅಚ್ಚು ಮೂಡಿ, ಮೆಲ್ಲಗೆ ಮಾಯವಾಗುತ್ತಿತ್ತು. ಮಗ್ಗುಲಾಗಿ ಮಲಗುವ ನನ್ನ ಹೆಂಡತಿಗೆ ಚಳಿಗಾಲವಿಡೀ ಅದು ಹಿತವಾಗಿಯೇ ಇತ್ತು. ಭುಜಕ್ಕೂ ಸೊಂಟಕ್ಕೂ ಒತ್ತಡವಿಲ್ಲ, ಪಕ್ಕದಲ್ಲಿ ನಾನು ಹೊರಳಿದರೂ ಅವಳಿಗೆ ಎಚ್ಚರವಿಲ್ಲ.

ಏಪ್ರಿಲ್ ಬಂತು. ಹಗಲು 40 ಡಿಗ್ರಿ ದಾಟುವ ನಮ್ಮ ರಾಯಚೂರಿನಲ್ಲಿ ಆರ್‌ಸಿಸಿ ಚಾವಣಿ ರಾತ್ರಿ ಹನ್ನೊಂದಕ್ಕೂ ಝಳ ಇಳಿಸುತ್ತಿರುತ್ತದೆ. ಕಾವು ತಾಗಿದರೆ ಮೆತ್ತಗಾಗುವುದು ಈ ಫೋಮ್‌ನ ಗುಣ. ಅಂಗಡಿಯಲ್ಲಿ ಬೆನ್ನಿಗೆ ಆತುಕೊಂಡಿದ್ದ ಗಾದಿಯಲ್ಲಿ ಮನೆಯಲ್ಲಿ ಮೈ ಹೂತುಹೋಗತೊಡಗಿತು. ಹೂತಷ್ಟೂ ಗಾಳಿಯಾಡುವುದಿಲ್ಲ. ನಡುರಾತ್ರಿ ಕರೆಂಟ್ ಹೋದರೆ ಬನಿಯನ್ ಹಿಂಡುವಷ್ಟು ಬೆವರು.

ತೆಂಗಿನ ನಾರಿನದು ಇದಕ್ಕೆ ತದ್ವಿರುದ್ಧ. ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ನಾರಿನ ಸಂದಿನಲ್ಲಿ ಗಾಳಿ ಓಡಾಡುತ್ತದೆ, ಬೆನ್ನು ನೇರವಾಗಿರುತ್ತದೆ. ಅಂಗಾತ ಮಲಗುವ ನನಗೆ ಒಪ್ಪಿತು, ಹೆಂಡತಿಗೆ ಮಾತ್ರ ಬೆಳಿಗ್ಗೆ ಭುಜ ಹಿಡಿದುಕೊಳ್ಳುತ್ತಿತ್ತು. ಎರಡನೆಯ ವರ್ಷಕ್ಕೆ ಸೊಂಟದ ಜಾಗ ಕುಳಿ ಬಿತ್ತು. ಮೂರು ತಿಂಗಳಿಗೊಮ್ಮೆ ತಲೆ–ಕಾಲು ದಿಕ್ಕು ಬದಲಿಸಿದ್ದರೆ ಇನ್ನಷ್ಟು ದಿನ ಬರುತ್ತಿತ್ತು.

ಹತ್ತಿ ಗಾದಿಯನ್ನು ಈಗಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ನನಗೆ ಬೇಸರವಾಗುವುದು ಅಲ್ಲೇ. ಸುತ್ತಲಿನ ಎರೆ ಹೊಲಗಳಲ್ಲಿ ಹತ್ತಿ ಬೆಳೆಯುವ ಸೀಮೆ ಇದು. ನಾನು ಚಿಕ್ಕವನಿದ್ದಾಗ ಪಿಂಜಾರರು ಓಣಿಗೆ ಬಂದರೆ ಬಿಲ್ಲಿನ ಝೇಂಕಾರ ಮೂರು ಮನೆಯಾಚೆ ಕೇಳುತ್ತಿತ್ತು. ಈಗ ಯಂತ್ರದಲ್ಲಿ ಹಿಂಜುತ್ತಾರೆ, ಹೊಲಿಗೆ ಮಾತ್ರ ಇಂದಿಗೂ ಕೈಯದೇ. ದಬ್ಬಣ ಚುಚ್ಚಿ, ಗೇಣಿಗೊಂದು ಕಡೆ ದಾರ ಬಿಗಿದು ಗಂಟು ಹಾಕುತ್ತಾರೆ. ಆ ಗಂಟು ಸಡಿಲವಾದರೆ ಒಳಗಿನ ಹತ್ತಿ ಸರಿದು ಗಡ್ಡೆ ಕಟ್ಟುತ್ತದೆ, ಆದ್ದರಿಂದ ಕೊಳ್ಳುವ ಮೊದಲು ಒಂದೊಂದನ್ನೂ ಎಳೆದು ನೋಡಿ. ಹತ್ತಿ ಬೆವರು ಹೀರಿಕೊಳ್ಳುತ್ತದೆ, ಮೈಗೆ ಅಂಟುವುದಿಲ್ಲ. ಆರೈಕೆ ಮಾತ್ರ ಬೇಕು: ವಾರಕ್ಕೊಮ್ಮೆ ಬಿಸಿಲು, ಕೆಲವು ವರ್ಷಕ್ಕೊಮ್ಮೆ ಮರುಹಿಂಜುವಿಕೆ. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ.

ಸ್ಪ್ರಿಂಗ್ ಗಾದಿಯಲ್ಲಿ ಲಾಡ್ಜಿನಲ್ಲಿ ಎರಡು ರಾತ್ರಿ ಮಲಗಿದ್ದೇನೆ, ಅಷ್ಟರಿಂದ ತೀರ್ಪು ಕೊಡಲಾರೆ.

ಈಗ ನಮ್ಮ ಮಂಚದ ಮೇಲೆ ಹೊಸ ನಾರಿನ ಗಾದಿ, ಅದರ ಮೇಲೆ ಎರಡು ಇಂಚಿನ ಹತ್ತಿ ಗಾದಿ ಇದೆ. ಹೆಂಡತಿಯ ಭುಜದ ನೋವು ಹದಿನೈದು ದಿನದಲ್ಲಿ ಹೋಯಿತು. ಫೋಮ್ ಗಾದಿಯನ್ನು ಚಳಿಗಾಲಕ್ಕೆಂದು ಒಳಗಿನ ಕೋಣೆಯಲ್ಲಿ ಸುತ್ತಿಟ್ಟಿದ್ದೇವೆ. ನೀವು ಅಂಗಡಿಗೆ ಹೋದರೆ ಕೈಯಿಂದ ಒತ್ತಿ ನೋಡಿ ಬರಬೇಡಿ. ಎ.ಸಿ. ಆರಿಸಲು ಹೇಳಿ, ಮನೆಯಲ್ಲಿ ಮಲಗುವ ಭಂಗಿಯಲ್ಲೇ ಕಾಲು ಗಂಟೆ ಮಲಗಿ.